ಮೊದಲು ಬಣ್ಣ, ಆಮೇಲೆ ಚರ್ಮ

ಮಾರ್ಚ್ 14, 2024, ಗುರುವಾರ

ಸಂಜೆಯೆಲ್ಲ ಕಂಪ್ಯೂಟರ್‌ನಲ್ಲಿ ಒಂದೇ ಫೋಟೋ ಸರಿಪಡಿಸುತ್ತಾ ಕೂತಿದ್ದೆ. ಗೆಳತಿ ಕಳಿಸಿದ ಅವಳ ಅಮ್ಮನ ಚಿತ್ರ. ನಗು ತುಂಬಾ ಚೆನ್ನಾಗಿದೆ. ಆದರೆ ಕಿಟಕಿಯ ಬಿಸಿಲು ನೇರವಾಗಿ ಬಿದ್ದು ಎಡಗೆನ್ನೆಯೂ ಹಣೆಯೂ ಬೆಳ್ಳಗೆ ಸುಟ್ಟುಹೋಗಿವೆ.

ಇಂಥ ಕಡೆ ನಾನು ಮೊದಲು ಹುಡುಕುವುದು ಏನಾದರೂ ಉಳಿದಿದೆಯಾ ಅಂತ. ಜೆಪೆಗ್‌ನಲ್ಲಿ, ಅಂದರೆ ಮಾಮೂಲಿ ಫೋಟೋ ಫೈಲ್‌ನಲ್ಲಿ, ಪ್ರತಿ ಚುಕ್ಕಿಯ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 0ಯಿಂದ 255ರವರೆಗೆ ಬೆಲೆ. ಮೂರೂ 255 ಮುಟ್ಟಿದ್ದರೆ ಅದು ಅಚ್ಚ ಬಿಳಿ, ಅಲ್ಲಿ ವಾಪಸ್ ತರಲು ಏನೂ ಇಲ್ಲ. ಕ್ಯಾಮೆರಾ ಹಿಡಿದ ಮಾಹಿತಿಯನ್ನೆಲ್ಲ ಹಾಗೇ ಇಟ್ಟಿರುವ ರಾ ಫೈಲ್ ಇದ್ದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು, ಇವಳ ಹತ್ತಿರ ಅದಿಲ್ಲ.

ಕೆನ್ನೆ ಬಚಾವಾಯಿತು. ಚರ್ಮದಲ್ಲಿ ಕೆಂಪೇ ಜಾಸ್ತಿ ಅಲ್ವಾ, ಹಾಗಾಗಿ ಮೊದಲು ತುಂಬಿಹೋಗುವುದೂ ಅದೇ. ಹಸಿರು ಚಾನೆಲ್‌ನಲ್ಲಿ, ಅಂದರೆ ಹಸಿರಿನ ಬೆಲೆಗಳಷ್ಟೇ ಇರುವ ಚಿತ್ರದಲ್ಲಿ, ಸುಕ್ಕು, ರಂಧ್ರ ಎಲ್ಲ ಹಾಗೇ ಇತ್ತು. ಫೋಟೋಶಾಪ್‌ನಲ್ಲಿ ಅದನ್ನೇ ಬೇರೆ ಲೇಯರ್‌ಗೆ (ಫೋಟೋ ಮೇಲಿಡುವ ಪದರ) ತಂದು, ಕೆಳಗಿನ ಬಣ್ಣ ಉಳಿಸಿ ಬೆಳಕನ್ನಷ್ಟೇ ಬದಲಿಸುವ ಲುಮಿನಾಸಿಟಿ ಮೋಡ್‌ನಲ್ಲಿಟ್ಟು, ಬೇಡದ್ದನ್ನು ಮುಚ್ಚುವ ಮಾಸ್ಕ್ ಹಾಕಿ ಬೇಕಾದಷ್ಟೇ ತೆರೆದೆ.

ಹಣೆ ಕಷ್ಟ. ಅಲ್ಲಿ ಮೂರೂ ಹೋಗಿವೆ. ತೀರಾ ಬೆಳಕಿನ ಭಾಗಗಳನ್ನು ತಗ್ಗಿಸುವ ಹೈಲೈಟ್ ಸ್ಲೈಡರ್ ಎಷ್ಟು ಎಳೆದರೂ ಬೂದಿ ಮೆತ್ತಿದ ಹಾಗೆ ಕಾಣುತ್ತದೆ, ಚರ್ಮ ಬರುವುದಿಲ್ಲ. ಹೀಲಿಂಗ್ ಬ್ರಷ್ ಸೀದಾ ಹಾಕಿದರೂ ಉಪಯೋಗವಿಲ್ಲ. ಅದು ಬೇರೆ ಕಡೆಯಿಂದ ಚರ್ಮದ ನೇಯ್ಗೆಯನ್ನು ಮಾತ್ರ ತರುತ್ತದೆ, ಬಣ್ಣ ಮತ್ತು ಬೆಳಕನ್ನು ಬ್ರಷ್ ಹಾಕಿದ ಜಾಗದಿಂದಲೇ ತೆಗೆದುಕೊಳ್ಳುತ್ತದೆ. ಜಾಗವೇ ಬಿಳಿ ಇದ್ದರೆ ಫಲವೂ ಬಿಳಿಯೇ.

ಅದಕ್ಕೇ ಬಣ್ಣ ಮೊದಲು. ಖಾಲಿ ಲೇಯರ್ ಮೇಲೆ ಮೆತ್ತನೆಯ ಬ್ರಷ್, ಫ್ಲೋ (ಬಣ್ಣ ಹರಿಯುವ ಪ್ರಮಾಣ) ಶೇ. 5ರ ಆಸುಪಾಸು. ಬಣ್ಣವನ್ನು ಬಿಳಿ ಕಲೆಯ ಅಂಚಿನಿಂದಲೇ ಆರಿಸಬೇಕು. ನೆರಳಿನ ಕಡೆಯಿಂದ ತಂದರೆ ಕೊಳಕು ಬಳಿದಂತಾಗುತ್ತದೆ. ಅದು ಕೂತ ಮೇಲೆ ಇನ್ನೊಂದು ಲೇಯರ್, ಹೀಲಿಂಗ್ ಬ್ರಷ್ ಕೆಳಗಿನ ಲೇಯರ್‌ಗಳನ್ನೂ ಸೇರಿಸಿ ಸ್ಯಾಂಪಲ್ ಮಾಡುವಂತೆ ಇಟ್ಟು, ಹಣೆಯ ಸುಡದ ಬಲಭಾಗದಿಂದ ಗೆರೆಗಳನ್ನು ತಂದೆ. ಕೊನೆಗೆ ಒಂಚೂರು ಗ್ರೇನ್, ಅಂದರೆ ಸಣ್ಣ ಕಾಳುಕಾಳು. ಬಳಿದ ಜಾಗ ನುಣ್ಣಗಿರುತ್ತದೆ, ಸುತ್ತಲಿನ ಫೋಟೋ ಹಾಗಿರುವುದಿಲ್ಲ. ಈ ಹೆಜ್ಜೆ ಬಿಟ್ಟ ಫೋಟೋಗಳು ನನಗೆ ದೂರದಿಂದಲೇ ಗೊತ್ತಾಗುತ್ತವೆ.

ಮೂಗಿನ ತುದಿ, ಕೆಳತುಟಿ, ಕಣ್ಣೊಳಗಿನ ಬೆಳಕಿನ ಚುಕ್ಕಿ, ಇವನ್ನು ಮುಟ್ಟಲಿಲ್ಲ. ಹೊಳಪೆಲ್ಲ ಒರೆಸಿದರೆ ಮುಖ ಚಪ್ಪಟೆಯಾಗುತ್ತದೆ. ಹಣೆಯಲ್ಲೂ ಬಿಸಿಲು ಬಿದ್ದದ್ದು ತಿಳಿಯಬೇಕು. ಹಾಗಾಗಿ ಬಣ್ಣದ ಲೇಯರ್‌ನ ಒಪಾಸಿಟಿಯನ್ನು (ಕೆಳಗಿನದನ್ನು ಮುಚ್ಚುವ ಪ್ರಮಾಣ) ಶೇ. 70ಕ್ಕೆ ಇಳಿಸಿದೆ. ಇನ್ನೂ ಸ್ವಲ್ಪ ಇಳಿಸಬೇಕೇನೋ. ನಾಳೆ ಬೇರೆ ಸ್ಕ್ರೀನ್‌ನಲ್ಲಿ ನೋಡಿ ಕಳಿಸುತ್ತೇನೆ.