ಸಿ/ಇ ಅಂದರೆ ಸಿ ನುಡಿಸಬೇಕೋ, ಇ ನುಡಿಸಬೇಕೋ?

ಹಾಡಿನ ಕಾರ್ಡುಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬರೆದ ಹಾಳೆಯಲ್ಲಿ ಸಿ/ಇ, ಜಿ/ಬಿ ಎಂಬ ಸ್ಲ್ಯಾಶ್ ಕಾರ್ಡುಗಳು ಕಂಡ ಕೂಡಲೇ ಹೊಸಬರು ಕೇಳುವ ಪ್ರಶ್ನೆ ಇದು. ಓರೆಗೆರೆಯನ್ನು 'ಅಥವಾ' ಎಂದು ಓದಿಕೊಳ್ಳುವುದರಿಂದ ಈ ಗೊಂದಲ. ಗೆರೆಯ ಎಡಕ್ಕಿರುವುದು ಕಾರ್ಡ್, ಬಲಕ್ಕಿರುವುದು ಒಂದೇ ಒಂದು ಸ್ವರ. ಆ ಸ್ವರ ಉಳಿದೆಲ್ಲಕ್ಕಿಂತ ಕೆಳಗೆ ಕೇಳಿಸಬೇಕು. ಸಿ/ಇ ಅಂದರೆ ಸಿ ಮೇಜರ್‌ನ ಸಿ, ಇ, ಜಿಗಳೇ. ತಳದಲ್ಲಿ ಮಾತ್ರ ಸಿ ಬದಲು ಇ.

ಇಷ್ಟು ಕಷ್ಟ ಯಾಕೆ? ಹೆಚ್ಚಾಗಿ, ಬಾಸ್ (ತಳದ ಸ್ವರ) ಮೆಟ್ಟಿಲಿಳಿದ ಹಾಗೆ ಸಾಗಲಿ ಎಂದು. ಸಿ, ಜಿ, ಎ ಮೈನರ್ ನುಡಿಸಿದರೆ ತಳದ ಸ್ವರ ಹಾರಿ ಹಾರಿ ಹೋಗುತ್ತದೆ. ಜಿ ಬದಲು ಜಿ/ಬಿ ಹಾಕಿ: ಸಿ, ಬಿ, ಎ. ಗಿಟಾರಿನಲ್ಲಿ ಮೂರೂ 5ನೇ ತಂತಿಯಲ್ಲೇ (ಅತಿ ದಪ್ಪದ್ದು 6ನೆಯದು) ಇವೆ: 3ನೇ ಫ್ರೆಟ್ (ಕತ್ತಿನ ಅಡ್ಡಪಟ್ಟಿಗಳ ನಡುವಿನ ಮನೆ), 2ನೇ ಫ್ರೆಟ್, ಖಾಲಿ (ಒತ್ತದೆ ಬಿಟ್ಟ) ತಂತಿ. ಹಾಗಾಗಿ ಸ್ಲ್ಯಾಶ್ ಕಾರ್ಡನ್ನು ಒಂಟಿಯಾಗಿ ಉರು ಹೊಡೆಯಬೇಡಿ, ಹಿಂದು ಮುಂದಿನ ಕಾರ್ಡುಗಳ ಜೊತೆಗೇ ಕಲಿಯಿರಿ.

ಜಿ/ಬಿಗೆ ತೋರುಬೆರಳು 5ನೇ ತಂತಿಯ 2ನೇ ಫ್ರೆಟ್‌ನಲ್ಲಿ. 4 ಮತ್ತು 3ನೇ ತಂತಿ ಖಾಲಿ. 2 ಮತ್ತು 1ನೇ ತಂತಿ 3ನೇ ಫ್ರೆಟ್‌ನಲ್ಲಿ. ಎಲ್ಲರೂ ಎಡವುವುದು 6ನೇ ತಂತಿಯಲ್ಲಿ. ಅದು ಖಾಲಿ ಮೊಳಗಿತೋ, ಕಿವಿಗೆ ಬೀಳುವುದು ಇ ಮೈನರ್ ಸೆವೆಂತ್! ತೋರುಬೆರಳ ತುದಿಯನ್ನೇ ಅದಕ್ಕೆ ಚೂರು ತಾಗಿಸಿ ಸುಮ್ಮನಾಗಿಸಿ.

ಡಿ/ಎಫ್ ಶಾರ್ಪ್‌ಗೆ ಹೆಬ್ಬೆರಳನ್ನು ಕತ್ತಿನ ಮೇಲಿಂದ ತಂದು 6ನೇ ತಂತಿಯ 2ನೇ ಫ್ರೆಟ್ ಒತ್ತುವವರಿದ್ದಾರೆ. ಕೈ ಚಿಕ್ಕದಾದರೆ ಅಲ್ಲಿ ತೋರುಬೆರಳಿಡಿ, ಮಧ್ಯದ ಬೆರಳು 3ನೇ ತಂತಿಯ 2ನೇ ಫ್ರೆಟ್‌ಗೆ, ಉಂಗುರ ಬೆರಳು 2ನೇ ತಂತಿಯ 3ನೇ ಫ್ರೆಟ್‌ಗೆ. 4ನೇ ತಂತಿ ಖಾಲಿ. 5 ಮತ್ತು 1ನೇ ತಂತಿ ಮೊಳಗಬಾರದು. ನನಗೆ ಇದೇ ಹೆಚ್ಚು ಇಷ್ಟ, ಮೇಲೆ ಇನ್ನೊಂದು ಎಫ್ ಶಾರ್ಪ್ ಇಲ್ಲದ್ದರಿಂದ ನಾದ ತಿಳಿಯಾಗಿರುತ್ತದೆ.

ಕೀಬೋರ್ಡಿನಲ್ಲಿ ಸುಲಭ: ಎಡಗೈಯಲ್ಲಿ ಬಲಬದಿಯ ಸ್ವರ, ಬಲಗೈಯಲ್ಲಿ ಎಡಬದಿಯ ಕಾರ್ಡ್. ಎಡಗೈ ಒಂದೇ ಸ್ವರ ಹಿಡಿಯಲಿ. ಕೆಳಗಿನ ಭಾಗದಲ್ಲಿ ಇಡೀ ಕಾರ್ಡ್ ಒತ್ತಿದರೆ ಎಲ್ಲ ಕಲಸಿಹೋಗುತ್ತದೆ. ಸ್ಟೈಲ್ (ಕೀಬೋರ್ಡ್ ತಾನೇ ನುಡಿಸುವ ತಾಳ, ಬಾಸ್‌ಗಳ ಹಿನ್ನೆಲೆ) ಹಾಕಿ ನುಡಿಸುವಾಗ ಇನ್ನೊಂದು ತೊಡಕಿದೆ. ಸಾಮಾನ್ಯ ಫಿಂಗರ್ಡ್ ಮೋಡ್‌ನಲ್ಲಿ (ಎಡಗೈ ಒತ್ತಿದ ಸ್ವರಗಳಿಂದ ಕಾರ್ಡ್ ಗುರುತಿಸುವ ಬಗೆ) ನೀವು ಸಿ ಕಾರ್ಡನ್ನು ಇ ಕೆಳಗಿಟ್ಟು ಒತ್ತಿದರೂ ಬಾಸ್ ಸಿಯನ್ನೇ ನುಡಿಸುತ್ತದೆ. ಯಮಾಹಾದ ಹಲವು ಕೀಬೋರ್ಡುಗಳಲ್ಲಿ ಇದಕ್ಕೆಂದೇ ಫಿಂಗರ್ಡ್ ಆನ್ ಬಾಸ್ ಎಂಬ ಮೋಡ್ ಇದೆ.

ತಳದ ಸ್ವರ ಕಾರ್ಡಿನ ಒಳಗಿನದೇ ಆಗಬೇಕೆಂದೇನಿಲ್ಲ. ಎಫ್/ಜಿಯಲ್ಲಿ ಎಫ್, ಎ, ಸಿ ಕೆಳಗೆ ಹೊರಗಿನ ಜಿ ಕೂತಿರುತ್ತದೆ, ಸಿಗೆ ಮರಳುವ ಮುನ್ನ ಚೆನ್ನಾಗಿ ಒಪ್ಪುತ್ತದೆ. ಆದರೆ ಸಿ6/9 ಎಂದಿದ್ದರೆ ಅದು ಬಾಸ್ ಸೂಚನೆಯಲ್ಲ. ಅಂಕಿಗಳು ಕಾರ್ಡಿಗೆ ಸೇರಿಸುವ ಸ್ವರಗಳು.

ಶ್ರುತಿ ಬದಲಿಸುವಾಗ ಎರಡೂ ಬದಿ ಸರಿಯಬೇಕು: ಸಿ/ಇ ಎರಡು ಸೆಮಿಟೋನ್ (ಗಿಟಾರಿನಲ್ಲಿ ಎರಡು ಫ್ರೆಟ್) ಮೇಲೇರಿದರೆ ಡಿ/ಎಫ್ ಶಾರ್ಪ್, ಡಿ/ಇ ಅಲ್ಲ. ಜೊತೆಯಲ್ಲಿ ಬಾಸ್ ಗಿಟಾರ್‌ನವರು ಎಫ್ ಶಾರ್ಪ್ ಹಿಡಿಯುತ್ತಿದ್ದರೆ ನೀವು ಬರೀ ಡಿ ನುಡಿಸಿದರೂ ನಡೆಯುತ್ತದೆ.