ಹಳೇ ರೈಫಲ್ಲಿಗೆ ಹೊಸ ಮರ

ಚಿಕ್ಕಪ್ಪನ ರೈಫಲ್ಲಿನ ಸ್ಟಾಕ್, ಅಂದರೆ ಕಬ್ಬಿಣವನ್ನು ಹೊತ್ತು ಕೂರುವ ಮರದ ಭಾಗ, ಬದಲಾಯಿಸುವ ವಿಷಯ ನಮ್ಮಿಬ್ಬರ ನಡುವೆ ಬಹಳ ದಿನ ಎಳೆದಾಡಿತು. ಅವರಿಗೆ ಆ ಮರದ ಮೇಲೆ ಪ್ರೀತಿ. ನನಗೆ ಕೆಲಸ ತಪ್ಪಿಸಿಕೊಂಡರೆ ಸಾಕಾಗಿತ್ತು. ಅದು ಮೌಸರ್ 98 ಮಾದರಿಯ ಬೋಲ್ಟ್ ರೈಫಲ್. ಬೋಲ್ಟ್ ಅಂದರೆ ಕೈಯಿಂದ ಹಿಂದೆ ಮುಂದೆ ಎಳೆದು ತೋಟಾ ತುಂಬುವ ಉಕ್ಕಿನ ಸರಳು. 1898ರಲ್ಲಿ ಜರ್ಮನ್ ಸೈನ್ಯಕ್ಕೆ ಸೇರಿದ ವಿನ್ಯಾಸ. ಆಮೇಲೆ ಎಷ್ಟೋ ಕೋವಿ ತಯಾರಕರು ಇದನ್ನೇ ಇಟ್ಟುಕೊಂಡು ಬೇಟೆಯ ರೈಫಲ್ ಮಾಡಿದರು. ಬೋಲ್ಟ್ ಎಳೆದರೆ ಇವತ್ತಿಗೂ ನುಣ್ಣಗೆ ಜಾರಿ ಬರುತ್ತದೆ. ಕಬ್ಬಿಣದಲ್ಲಿ ಏನೂ ಕೊರತೆ ಇರಲಿಲ್ಲ. ಸೋತಿದ್ದು ಮರ.

ಬೋಲ್ಟಿನ ಹಿಂದೆ, ಕೈ ಹಿಡಿಯುವ ಸಣ್ಣ ಕತ್ತಿನ ಕಡೆಗೆ ಕಬ್ಬಿಣದ್ದೊಂದು ಬಾಲ ಚಾಚಿಕೊಂಡಿರುತ್ತದೆ. ಅದೇ ಟ್ಯಾಂಗ್. ಅದರ ತುದಿಯಿಂದ ಕೂದಲೆಳೆಯಷ್ಟು ಸೀಳು ಹಿಂದಕ್ಕೆ ಹೊರಟಿತ್ತು. ಚಿಕ್ಕಪ್ಪ ಅದನ್ನು ಬರೀ ಗೀರು ಅನ್ನುತ್ತಿದ್ದರು. ಹೆಬ್ಬೆರಳಿಂದ ಒತ್ತಿ ತೋರಿಸಿದೆ. ಸೀಳಿನ ಬಾಯಿಂದ ಎಣ್ಣೆ ಜಿನುಗಿತು.

"ಅಂಟು ಹಾಕಿ ಬಿಗಿದರೆ ಆಗಲ್ವೇನೋ?" ಅಂದರು.

"ಎಣ್ಣೆ ಕುಡಿದ ಮರಕ್ಕೆ ಅಂಟು ಎಲ್ಲಿ ಹಿಡಿಯುತ್ತೆ ಚಿಕ್ಕಪ್ಪ?"

ಈ ಎಣ್ಣೆ ಬಂದದ್ದು ಎಲ್ಲಿಂದ ಅಂದರೆ, ಪ್ರೀತಿಯಿಂದ. ಪ್ರತಿ ಸಲ ಒರೆಸಿದ ಮೇಲೆ ಧಾರಾಳವಾಗಿ ಎಣ್ಣೆ ಹಚ್ಚಿ, ನಳಿಗೆ ಮೇಲಕ್ಕೆ ಮಾಡಿ ನಿಲ್ಲಿಸಿಡುವುದು ಅವರ ಪದ್ಧತಿ. ಹೆಚ್ಚಿನವರು ಹಾಗೇ ಇಡುತ್ತಾರೆ. ಎಣ್ಣೆ ನಿಧಾನವಾಗಿ ಕೆಳಗಿಳಿದು ಸ್ಟಾಕಿನ ಕತ್ತಿಗೆ ಸೇರುತ್ತದೆ. ವರ್ಷಗಟ್ಟಲೆ ಎಣ್ಣೆ ಕುಡಿದ ಮರ ಕಪ್ಪಾಗಿ ಮೆತ್ತಗಾಗುತ್ತದೆ. ಎಣ್ಣೆ ತೆಳ್ಳಗೆ ಹಚ್ಚಿ, ನಳಿಗೆ ಕೆಳಗೆ ಮಾಡಿ ಇಟ್ಟರೆ ಈ ತೊಂದರೆಯೇ ಇಲ್ಲ.

ಅವರ ಸಮಾಧಾನಕ್ಕೆ ಹಳೇ ಮರವನ್ನು ಉಳಿಸುವ ಪ್ರಯತ್ನವನ್ನೂ ಮಾಡಿದೆವು. ಸೀಮೆಸುಣ್ಣದ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಕತ್ತಿನ ಸುತ್ತ ಮೆತ್ತಿದರೆ, ಒಣಗುತ್ತಾ ಒಣಗುತ್ತಾ ಅದು ಮರದೊಳಗಿನ ಎಣ್ಣೆಯನ್ನು ಹೊರಗೆಳೆಯುತ್ತದೆ. ಬಿಳೀ ಪುಡಿ ಬೆಲ್ಲದ ಬಣ್ಣಕ್ಕೆ ತಿರುಗಿತು. ಉದುರಿಸಿ ಮತ್ತೆ ಮೆತ್ತಿದೆವು, ಮತ್ತೆ ಅದೇ ಬಣ್ಣ. ಎಣ್ಣೆಯೇನೋ ಬರುತ್ತಿತ್ತು. ಆದರೆ ಒಳಗೆ ಉಗುರಿನಿಂದ ಕೆರೆದರೂ ಮರ ಪುಡಿಯಾಗಿ ಬಿಡುತ್ತಿತ್ತು. ಅದನ್ನು ಕಂಡ ಮೇಲೆ ಚಿಕ್ಕಪ್ಪ ವಾದ ನಿಲ್ಲಿಸಿದರು.

ಸ್ಟಾಕ್ ಅಂದರೆ ಎಲ್ಲರ ಕಣ್ಣೂ ಹೋಗುವುದು ಹೊಳಪಿಗೆ, ಎಳೆಯ ಚಂದಕ್ಕೆ. ನನ್ನ ಲೆಕ್ಕದಲ್ಲಿ ಸ್ಟಾಕಿನ ನಿಜವಾದ ಕೆಲಸ ನಡೆಯುವುದು ಬೆರಳಗಲದ ಒಂದು ಗೋಡೆಯಲ್ಲಿ. ನಳಿಗೆ ಕೂರುವ ಉಕ್ಕಿನ ಭಾಗದ, ಅಂದರೆ ರಿಸೀವರಿನ, ಕೆಳಗೆ ಮುಂದುಗಡೆ ಒಂದು ಗಟ್ಟಿ ಹಲ್ಲು ಇರುತ್ತದೆ. ರಿಕಾಯಿಲ್ ಲಗ್ ಅಂತ ಹೆಸರು. ಈಡು ಹೊಡೆದಾಗ ಬರುವ ಒದೆತವನ್ನೆಲ್ಲ ಈ ಹಲ್ಲು ತನ್ನ ಹಿಂದಿನ ಮರದ ಗೋಡೆಗೆ ದಾಟಿಸಬೇಕು. ಆ ಗೋಡೆ ಸವೆದು ಹಿಂದೆ ಸರಿದರೆ ಒದೆತ ಟ್ಯಾಂಗಿನ ಮೇಲೆ ಬೀಳುತ್ತದೆ. ಟ್ಯಾಂಗ್ ತೆಳ್ಳಗಿನದು, ಹಿಂದೆ ಮರದ ಕತ್ತೂ ಸಣ್ಣದು. ಕಟ್ಟಿಗೆಗೆ ಬೆಣೆ ಹೊಡೆದ ಹಾಗೆ ಪ್ರತಿ ಈಡಿಗೂ ಇಷ್ಟಿಷ್ಟೇ ಸೀಳುತ್ತಾ ಹೋಗುತ್ತದೆ. ರೈಫಲ್ ಬಿಚ್ಚಿದಾಗ ನೋಡಿದೆವು. ಲಗ್ಗಿನ ಹಿಂದಿನ ಮರ ಜಜ್ಜಿಹೋಗಿತ್ತು. ಸೀಳು ಕಂಡದ್ದು ಕತ್ತಿನಲ್ಲಿ, ರೋಗ ಇದ್ದದ್ದು ಅಲ್ಲಿಂದ ಒಂದು ಗೇಣು ಮುಂದೆ.

ಹೊಸದಕ್ಕೆ ಅಕ್ರೋಟು ಮರವನ್ನೇ ಆರಿಸಿದೆವು. ಗಟ್ಟಿ, ಆದರೆ ಉಳಿಗೆ ಬಗ್ಗುತ್ತದೆ. ಚೆನ್ನಾಗಿ ಒಣಗಿದ ಮೇಲೆ ಸೊಟ್ಟಗಾಗುವುದೂ ಕಡಿಮೆ. ಅರ್ಧ ಕೊರೆದು ಕೊಡುವ ಸ್ಟಾಕುಗಳು ಸಿಗುತ್ತವೆ. ಹೊರಗಿನ ಆಕಾರ ಬಂದಿರುತ್ತದೆ, ಒಳಗಿನ ಗುಳಿಗಳೂ ಹೆಚ್ಚುಕಮ್ಮಿ ಆಗಿರುತ್ತವೆ. ಶೇಕಡಾ ತೊಂಬತ್ತು ಮುಗಿದಿದೆ ಅಂತ ಮಾರುವವರು ಹೇಳುತ್ತಾರೆ. ಸರಿಯೇ. ಉಳಿದ ಹತ್ತರಲ್ಲಿ ಇಡೀ ಕೆಲಸ ಕೂತಿರುತ್ತದೆ! ಆರಿಸುವಾಗ ನಾನು ಚಿತ್ತಾರದ ಎಳೆ ನೋಡಲಿಲ್ಲ. ಕತ್ತಿನ ಜಾಗದಲ್ಲಿ ಎಳೆ ಉದ್ದುದ್ದ ಹಾದುಹೋಗಿದೆಯಾ, ಅಡ್ಡ ಕತ್ತರಿಸಿಕೊಂಡು ಹೋಗಿದೆಯಾ ಅಂತಷ್ಟೇ ನೋಡಿದೆ. ಅಡ್ಡ ಇದ್ದರೆ ಎಷ್ಟೇ ಚಂದ ಇದ್ದರೂ ಬೇಡ. ಭುಜಕ್ಕೆ ಆನಿಸುವ ಹಿಂದಿನ ತುದಿಯ, ಅಂದರೆ ಬಟ್ಟಿನ, ಕಡೆ ಬೇಕಾದರೆ ಸುರುಳಿ ಸುರುಳಿ ಎಳೆ ಇರಲಿ, ಅಲ್ಲಿ ಅಷ್ಟು ಭಾರ ಬೀಳುವುದಿಲ್ಲ.

ಬಿಚ್ಚುವ ಮೊದಲು ಬೋಲ್ಟ್ ತೆಗೆದು, ತೋಟಾ ಇಲ್ಲ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿಕೊಂಡೆವು. ಈ ರೈಫಲ್ಲಿನಲ್ಲಿ ಮರಕ್ಕೂ ಕಬ್ಬಿಣಕ್ಕೂ ನಂಟು ಕೆಳಗಿನ ಎರಡೇ ಸ್ಕ್ರೂ. ಮುಂದಿನದು ನೇರ ಲಗ್ಗಿನೊಳಗೇ ಹೋಗಿ ಕೂರುತ್ತದೆ. ಹಿಂದಿನದು ಒಂದು ಪುಟ್ಟ ಉಕ್ಕಿನ ಕೊಳವೆಯ ಮೂಲಕ ಟ್ಯಾಂಗಿಗೆ. ಆ ಕೊಳವೆ ಹಳೇ ಮರದಲ್ಲೇ ಅಂಟಿಕೊಂಡು ಉಳಿಯುತ್ತದೆ, ಮರೆಯದೆ ತೆಗೆದಿಟ್ಟುಕೊಳ್ಳಬೇಕು. ಸ್ಕ್ರೂ ಜೋರಾಗಿ ಬಿಗಿದಾಗ ಮರ ನಜ್ಜಾಗದ ಹಾಗೆ ತಡೆಯುವುದು ಅದೇ. ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂರುವ ಹಾಗೆ ಅರದಿಂದ ತಿದ್ದಿಕೊಂಡೇ ಕೈ ಹಾಕಿದೆ. ಸ್ಕ್ರೂ ತಲೆ ಕಿತ್ತುಹೋದ ಹಳೇ ರೈಫಲ್ ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಆಮೇಲೆ ಮಸಿಯ ಕೆಲಸ. ದೀಪದ ಮಸಿಗೆ ಎಣ್ಣೆ ಬೆರೆಸಿ, ರಿಸೀವರಿನ ಅಡಿಗೆ ತೆಳ್ಳಗೆ ಬಳಿಯುವುದು. ನೇರ ಕೆಳಗಿಳಿಸಿ ಮರದಲ್ಲಿ ಕೂರಿಸುವುದು, ಮೇಲೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು, ಎತ್ತುವುದು. ಎಲ್ಲಿ ಕಪ್ಪು ಚುಕ್ಕೆ ಬಿದ್ದಿದೆಯೋ ಅಲ್ಲಿ ಮಾತ್ರ ಮರ ಕಬ್ಬಿಣಕ್ಕೆ ತಾಗುತ್ತಿದೆ. ಆ ಚುಕ್ಕೆಯನ್ನಷ್ಟೇ ಕೆರೆಯುವುದು. ಮತ್ತೆ ಮಸಿ, ಮತ್ತೆ ಕೂರಿಸು, ಮತ್ತೆ ಎತ್ತು. ಶುರುವಿನಲ್ಲಿ ಅಂಚಿನಲ್ಲಿ ಎರಡು ಮೂರು ಕಡೆ ಮಾತ್ರ ಕಪ್ಪು. ಕೆರೆಯುತ್ತಾ ಹೋದ ಹಾಗೆ ಚುಕ್ಕೆಗಳು ಜಾಸ್ತಿಯಾಗುತ್ತವೆ, ಹಬ್ಬುತ್ತವೆ. ನೋಡುವವರಿಗೆ ಕೆಲಸ ಕೆಡುತ್ತಿದೆ ಅನ್ನಿಸುತ್ತದೆ. ಅಸಲಿಗೆ ಕೂಡುತ್ತಿರುವುದು ಹಾಗೇ. ಉಳಿ ಕೈಯಲ್ಲಿದ್ದರೂ ಹೆಚ್ಚು ಬಳಸಿದ್ದು ಅಗಲ ತುದಿಯ ಕೆರೆಯುವ ಬ್ಲೇಡು. ಉಳಿ ಒಂದು ಸಲ ಜಾರಿದರೆ ತೆಗೆದ ಮರ ವಾಪಸ್ ಬರಲ್ಲ ಅಲ್ವಾ? ಚಿಕ್ಕಪ್ಪ ಪಕ್ಕದಲ್ಲಿ ಕೂತು ಮಸಿ ಬಳಿದುಕೊಟ್ಟರು. ಸಂಜೆ ಹೊತ್ತಿಗೆ ಅವರ ಮೂಗಿನ ಮೇಲೂ ಮಸಿ.

ಲಗ್ಗಿನ ಹಿಂದಿನ ಗೋಡೆಯ ಪೂರ್ತಿ ಅಗಲಕ್ಕೆ ಕಪ್ಪು ಬರುವ ತನಕ ಬಿಡಲಿಲ್ಲ. ಟ್ಯಾಂಗಿನ ಹಿಂದೆ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಒಂಚೂರೂ ತಾಗಬಾರದು. ಒಂದೆರಡು ಹಾಳೆ ದಪ್ಪದ ಸಂದು ಬಿಟ್ಟೆ. ಚಿಕ್ಕಪ್ಪನಿಗೆ ಆ ಸಂದು ಕಂಡು ಬೇಜಾರು. "ಇಷ್ಟೆಲ್ಲಾ ಮಾಡಿ ಇಲ್ಲಿ ಕಿಂಡಿ ಬಿಟ್ಟೆಯಲ್ಲೋ" ಅಂದರು. ಹಳೇ ಸ್ಟಾಕಿನ ಸೀಳು ತೋರಿಸಿದೆ. ಸುಮ್ಮನಾದರು.

ಮರದ ಗೋಡೆಯೊಂದನ್ನೇ ನಂಬದೆ ಅಲ್ಲಿ ತೆಳ್ಳಗೆ ಎಪಾಕ್ಸಿಯನ್ನೂ, ಅಂದರೆ ಕಲ್ಲಿನ ಹಾಗೆ ಗಟ್ಟಿಯಾಗುವ ಅಂಟನ್ನೂ, ಹಾಕಿದೆವು. ಶುದ್ಧ ಮರದ ಕೆಲಸವೇ ಶ್ರೇಷ್ಠ ಅನ್ನುವವರಿದ್ದಾರೆ, ಅವರ ಜೊತೆ ನನಗೆ ಜಗಳವಿಲ್ಲ. ಎಪಾಕ್ಸಿ ತೇವಕ್ಕೆ ಉಬ್ಬುವುದಿಲ್ಲ, ಒದೆತಕ್ಕೆ ಜಜ್ಜಿಹೋಗುವುದಿಲ್ಲ, ನನಗೆ ಅಷ್ಟು ಸಾಕು. ಕಬ್ಬಿಣಕ್ಕೆಲ್ಲ ಮೇಣದ ಪಾಲಿಶ್ ಹಚ್ಚಬೇಕು. ಸ್ಕ್ರೂ ತೂತು, ಸಂದುಗೊಂದುಗಳಿಗೆ ಮಕ್ಕಳು ಆಡುವ ಕ್ಲೇ ತುಂಬಬೇಕು. ಇಲ್ಲದಿದ್ದರೆ ಎಪಾಕ್ಸಿ ಒಳಗೆ ಹೊಕ್ಕು ಗಟ್ಟಿಯಾಗಿ, ರೈಫಲ್ ಮತ್ತು ಸ್ಟಾಕ್ ಜನ್ಮಕ್ಕೆ ಒಂದಾಗಿಬಿಡುತ್ತವೆ. ಲಗ್ಗಿನ ಮುಂದೆ, ಬದಿಗಳಿಗೆ, ಅಡಿಗೆ ಟೇಪ್ ಸುತ್ತಿದೆ. ಹಿಂದಿನ ಮುಖ ಮಾತ್ರ ಬರಿದು. ಆಮೇಲೆ ಟೇಪ್ ಕಿತ್ತರೆ ಆ ಮೂರೂ ಕಡೆ ಸಂದು ಉಳಿಯುತ್ತದೆ, ಒತ್ತಡ ಹಿಂದಿನ ಮುಖದ ಮೇಲೆ ಮಾತ್ರ ಬೀಳುತ್ತದೆ. ಮರುದಿನ ಎತ್ತುವಾಗ 'ಟಕ್' ಅಂತ ಸದ್ದಾಗಿ ಬಿಟ್ಟುಕೊಂಡಿತು. ಅಲ್ಲಿಯವರೆಗೆ ಇಬ್ಬರೂ ಉಸಿರು ಬಿಟ್ಟಿರಲಿಲ್ಲ.

ನಳಿಗೆಯ ಗುಳಿಯನ್ನು ಒಂದು ಹಾಳೆ ಸಲೀಸಾಗಿ ಜಾರುವಷ್ಟು ಅಗಲ ಮಾಡಿದೆ. ಹಳೇ ಕಾಲದ ಕೆಲವರು ಸ್ಟಾಕಿನ ಮುಂದಿನ ತುದಿ ನಳಿಗೆಯನ್ನು ಸ್ವಲ್ಪ ಮೇಲಕ್ಕೆ ಒತ್ತುವ ಹಾಗೆ ಬೇಕೆಂತಲೇ ಮಾಡುತ್ತಿದ್ದರು. ಅದೂ ಕೆಲಸ ಮಾಡುತ್ತದೆ. ಆದರೆ ಮರ ತೇವ ಹೀರಿದಾಗ ಆ ಒತ್ತಡ ಬದಲಾಗಿ ಗುಂಡು ಬೀಳುವ ಜಾಗವೂ ಬದಲಾಗಬಹುದು. ಅದಕ್ಕೇ ತಾಗದಿರುವುದೇ ಮೇಲು ಅಂತ ನನ್ನ ಅಭಿಪ್ರಾಯ. ಬೋಲ್ಟಿನ ಹಿಡಿ ಕೆಳಗಿಳಿದಾಗ ಮರಕ್ಕೆ ತಾಗುತ್ತಿತ್ತು, ಅಲ್ಲೂ ಕೆರೆದೆ. ಹಿಡಿ ಪೂರ್ತಿ ಇಳಿಯದಿದ್ದರೆ ಬೋಲ್ಟ್ ಸರಿಯಾಗಿ ಭದ್ರವಾಗಿಲ್ಲ ಅಂತಲೇ ಅರ್ಥ. ಟ್ರಿಗರ್, ಸೇಫ್ಟಿ ಎಲ್ಲೂ ಮರಕ್ಕೆ ಉಜ್ಜುತ್ತಿಲ್ಲ ಅಂತ ಖಾಲಿ ರೈಫಲ್ಲಿನಲ್ಲೇ ಪರೀಕ್ಷೆ ಮಾಡಿದೆವು.

ಹೊರಗಿನ ಕೆಲಸ ಉಪ್ಪುಕಾಗದದ್ದು, ಹೇಳುವಂಥದ್ದೇನಿಲ್ಲ. ಅಗಸೆ ಎಣ್ಣೆಯನ್ನು ಬೆರಳಿಂದ ತೆಳ್ಳಗೆ ಉಜ್ಜಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಒಳಗಿನ ಗುಳಿಗೂ ಬಟ್ಟಿನ ಕಡಿದ ಮುಖಕ್ಕೂ ಜಾಸ್ತಿ ಕೊಟ್ಟೆ. ತೇವ ಒಳನುಗ್ಗುವುದು ಅಲ್ಲಿಂದಲೇ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ನಿಂತು ತಾನಾಗೇ ಬೆಂಕಿ ಹತ್ತಬಹುದು. ಬಯಲಲ್ಲಿ ಹರಡಿ ಒಣಗಿಸಬೇಕು.

ರೇಂಜಿನಲ್ಲಿ 100 ಗಜದಿಂದ ಹೊಡೆದು ನೋಡಿದೆವು. ಮೊದಲೆಲ್ಲಾ ನಳಿಗೆ ಬಿಸಿಯಾದ ಹಾಗೆ ಗುಂಡುಗಳು ಮೇಲಕ್ಕೆ ಅಲೆಯುತ್ತಿದ್ದವು. ಈಗ ಎಲ್ಲಾ ಒಂದೇ ಕಡೆ, ಆದರೆ ಹಳೇ ಗುರಿಗಿಂತ ಎಡಕ್ಕೆ. ಸ್ಟಾಕ್ ಬದಲಾದರೆ ಗುರಿ ಹೊಸದಾಗಿ ಕೂರಿಸಲೇಬೇಕು. ರೈಫಲ್ಲಿನ ಗುರಿ ನೋಡುವ ಸೈಟ್ ತಿದ್ದಿದೆವು. ವಾಪಸ್ ಬಂದು ಬಿಚ್ಚಿ ನೋಡಿದರೆ ಟ್ಯಾಂಗಿನ ಹಿಂದಿನ ಸಂದು ಹಾಗೇ ಇತ್ತು. ಸ್ಕ್ರೂಗಳು ಕೂದಲಷ್ಟು ಸಡಿಲ, ಹೊಸ ಮರ ಕೂತುಕೊಳ್ಳುವಾಗ ಹಾಗಾಗುತ್ತದೆ, ಮುಂದಿನದನ್ನು ಮೊದಲು, ಹಿಂದಿನದನ್ನು ಆಮೇಲೆ ಬಿಗಿದೆ. ಇನ್ನು ಕೈ ಹಿಡಿಯುವ ಕತ್ತಿನ ಮೇಲೆ ಚೌಕುಳಿ ಕೆತ್ತುವುದೊಂದು ಬಾಕಿ. ಚಿಕ್ಕಪ್ಪನಿಗೆ ಅದು ಬೇಕೇ ಬೇಕು. ನನಗೆ ಬೇಡ. ಮಾತುಕತೆ ನಡೆಯುತ್ತಿದೆ.