ಮರ ಬಿದ್ದದ್ದು ಒಂದು ಪಂಚಾಯಿತಿಯಲ್ಲಿ, ನೆಟ್ ಹೋದದ್ದು ಇನ್ನೊಂದರಲ್ಲಿ

ಕಕ್ಕಡ ಮಾಸದ ಗಾಳಿಮಳೆಗೆ ಕೊಡಗಿನ ನಾಪೋಕ್ಲು ಕಡೆಯ ತೋಟವೊಂದರ ಸಿಲ್ವರ್ ಓಕ್ ರಾತ್ರಿ ಫೈಬರ್ ಕೇಬಲ್ ಮೇಲೆ ಒರಗಿತ್ತು. ಬೆಳಿಗ್ಗೆ ಪಕ್ಕದ ಪಂಚಾಯಿತಿಯ ಮನೆಗಳಲ್ಲೆಲ್ಲ ಮೋಡೆಮ್‌ನ ಕೆಂಪು ದೀಪ. ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಹಾಕಿದರೆ ಮೈನಸ್ 31 ಡಿಬಿಎಂ; ಮೈನಸ್ ಹೆಚ್ಚಿದಷ್ಟೂ ಬೆಳಕು ಕ್ಷೀಣ, ನಷ್ಟದ ಲೆಕ್ಕ ಡಿಬಿಯಲ್ಲಿ. ಪ್ಲಸ್ 3ರಲ್ಲಿ ಹೊರಟ ಬೆಳಕು 32 ಮನೆಗೆ ಹಂಚುವ ಸ್ಪ್ಲಿಟರ್‌ಗಳಲ್ಲಿ ಸುಮಾರು 17, 12 ಕಿ.ಮೀ. ಕೇಬಲ್‌ನಲ್ಲಿ 3, ಜಾಯಿಂಟ್, ಕನೆಕ್ಟರ್‌ಗಳಲ್ಲಿ 2 ಡಿಬಿ ಕಳೆದು ಮೈನಸ್ 19ಕ್ಕೆ ಬರಬೇಕು. ಮೈನಸ್ 27ಕ್ಕಿಂತ ಇಳಿದರೆ ಮೋಡೆಮ್ ಹಿಡಿಯುವುದಿಲ್ಲ. ಪೂರ್ತಿ ತುಂಡಾಗಿದ್ದರೆ ಮೀಟರ್‌ಗೆ ಏನೂ ಸಿಗುತ್ತಿರಲಿಲ್ಲ. 12 ಡಿಬಿ ಹೆಚ್ಚುವರಿ ನಷ್ಟ ಎಂದರೆ ಎಲ್ಲೋ ಜಜ್ಜಿ ಮಡಚಿದೆ. ದೋಷ ಎಷ್ಟು ದೂರದಲ್ಲಿದೆ ಎಂದು ಹೇಳುವ ಓಟಿಡಿಆರ್ ಉಪಕರಣ ತೋರಿಸಿದ್ದು 7.4 ಕಿ.ಮೀ. ಅದು ಕೇಬಲ್‌ನ ಉದ್ದ. ಕಂಬಗಳಲ್ಲಿ ಸುತ್ತಿಟ್ಟ ಹೆಚ್ಚುವರಿ ಕೇಬಲ್‌ನ ಸುರುಳಿಯನ್ನು ಕಳೆದರೇ ರಸ್ತೆಯ ದೂರ ಸಿಗುವುದು.

ಕರೆಂಟ್ ತಂತಿಯೂ ಅದೇ ಮರದಡಿ. ಲೈನ್‌ಮನ್ ಕರೆಂಟ್ ತೆಗೆದು ಎಲ್‌ಸಿ (ಲೈನ್ ಕ್ಲಿಯರ್) ಕೊಡುವವರೆಗೆ ಕೊಂಬೆ ಮುಟ್ಟುವಂತಿಲ್ಲ. ಫೈಬರ್ ಎಳೆ ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ ಮಡಿಕೇರಿಯಿಂದ ಬರಬೇಕು. ಅರ್ಧ ದಿನ ಹೋದದ್ದು ಹೀಗೆ. ಒಂದು ಪಂಚಾಯಿತಿಗೆ ಆ ಮೆಷಿನ್ ಕೊಳ್ಳುವ, ಅದಕ್ಕೊಬ್ಬ ನುರಿತ ಆಳನ್ನು ಇಡುವ ಶಕ್ತಿಯಿಲ್ಲ. ನಾಲ್ಕೈದು ಸೇರಿದರೆ ಖಂಡಿತ ಇದೆ.

ಅಮೆರಿಕದ ವರ್ಮಾಂಟ್ ಕೂಡ ಗುಡ್ಡಗಾಡೇ, ಮನೆಗಳು ದೂರ ದೂರ. ಅಲ್ಲಿ 2008ರಲ್ಲೇ ಹಲವು ಊರುಗಳು ಮತ ಹಾಕಿ ಒಂದೇ ಫೈಬರ್ ಜಾಲಕ್ಕೆ ಕೈಜೋಡಿಸಿದವು. ಎರಡೋ ಹೆಚ್ಚೋ ಊರುಗಳು ಸೇರಿ ಇದಕ್ಕೆಂದೇ ಒಂದು ‘ಜಿಲ್ಲೆ’, ಅಂದರೆ ಜಂಟಿ ಸಂಸ್ಥೆ, ಕಟ್ಟಿಕೊಳ್ಳಲು 2015ರಲ್ಲಿ ಕಾನೂನೂ ಬಂತು. ಪ್ರತಿ ಊರಿಗೊಬ್ಬ ಪ್ರತಿನಿಧಿ. ತೆರಿಗೆ ಹಾಕುವ ಅಧಿಕಾರವಿಲ್ಲ; ಅನುದಾನ, ಚಂದಾ, ಚಂದಾ ನಂಬಿ ಎತ್ತಿದ ಸಾಲ ಇಷ್ಟರಲ್ಲೇ ನಡೆಯಬೇಕು. ಕೊಡಗಿನಲ್ಲಿ ಅಂಥದ್ದೊಂದು ಕೂಟ ಮಾಡಿದರೆ ಖರ್ಚನ್ನು ಕಿಲೋಮೀಟರ್ ಮೇಲೆ ಹಂಚಲೇಬಾರದು, ಸಂಪರ್ಕಗಳ ಲೆಕ್ಕದಲ್ಲಿ ಹಂಚಬೇಕು. ಇಲ್ಲದಿದ್ದರೆ ಕಾಡುರಸ್ತೆ ಹೆಚ್ಚಿರುವ, ಮನೆ ಕಡಿಮೆ ಇರುವ ಪಂಚಾಯಿತಿ ಮೊದಲ ವರ್ಷವೇ ಹಿಂದೆ ಸರಿಯುತ್ತದೆ. ತೋಟದ ಕಾರ್ಮಿಕರ ಲೈನ್‌ಮನೆಗಳಿಗೆ ಕೊನೆಯವರೆಗೂ ಕೇಬಲ್ ಬರುವುದಿಲ್ಲ.

ಮೆಷಿನ್ ಬಂದಾಗ ಮೂರು ಗಂಟೆ. ಹತ್ತಿರದ ಕಂಬಗಳಲ್ಲಿ ಸುರುಳಿಯೇ ಬಿಟ್ಟಿರಲಿಲ್ಲ, ಎಳೆದರೆ ತುದಿ ಮುಟ್ಟದು. ಹಾಗಾಗಿ ನಡುವೆ ಹೊಸ ತುಂಡು, ಒಂದರ ಬದಲು ಎರಡು ಜಾಯಿಂಟ್, ಕೇಬಲ್‌ನ 12 ಎಳೆಗೆ 12ರ ಬದಲು 24 ಸ್ಪ್ಲೈಸ್. ಜೀಪಿನ ಹಿಂಬದಿಗೆ ಟಾರ್ಪಾಲು ಇಳಿಬಿಟ್ಟು ಕೆಲಸ. ಆದರೂ ಮಂಜಿನ ತೇವ ಎಳೆಯ ತುದಿಗೆ ಕೂತು ಮೂರನೆಯದರಲ್ಲಿ ಗುಳ್ಳೆ ಬಂತು, ನಷ್ಟ 0.4 ಡಿಬಿ. 0.1 ದಾಟಿದ್ದನ್ನು ಬಿಡಬಾರದು; ಕತ್ತರಿಸಿ, ಸ್ಪಿರಿಟ್‌ನಲ್ಲಿ ಒರೆಸಿ, ಮತ್ತೆ ಬೆಸೆದದ್ದಾಯಿತು.

ಕತ್ತಲಾಗುವಾಗ ಮೀಟರ್ ಮೈನಸ್ 19.6 ಎಂದಿತು. ಈ ಸಲ ಕಂಬಕ್ಕೆ 20 ಮೀಟರ್ ಸುರುಳಿ ಕಟ್ಟಿಯೇ ಏಣಿ ಇಳಿಸಿದ್ದು.